ಕಲ್ಯಾಣ್‌ಗೆ ವಾಪಸ್ ಬಂದರೆ ಕರ್ಜತ್ ಹಳಿ ಏನಾಗುತ್ತದೆ? ಅನ್‌ಡೂ ಒಳಗಿನ ಲೆಕ್ಕ

[ಸ್ಕ್ರೀನ್: ಖಾಲಿ ಎಡಿಟರ್, ಮಿನುಗುವ ಕರ್ಸರ್]

ನಮಸ್ಕಾರ. ಡೊಂಬಿವಲಿಯ ನಮ್ಮ ಅಡುಗೆಮನೆ ಮೇಜಿನಿಂದ ಮಾತಾಡುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಹೋದ ರಾಜ್ಯೋತ್ಸವಕ್ಕೆ ಇಲ್ಲಿನ ಸಂಘದಲ್ಲಿ ನನ್ನದೊಂದು ಭಾಷಣ ಇತ್ತು. ರಾತ್ರಿ ಕೂತು ಟೈಪ್ ಮಾಡಿದೆ. ಮುಗಿದ ಮೇಲೆ ಅನುಮಾನ: ಮೊದಲು ಬರೆದ ಪ್ಯಾರಾನೇ ಚೆನ್ನಾಗಿತ್ತೋ ಏನೋ? ಕಂಟ್ರೋಲ್ ಝಡ್, ಅಂದರೆ ಮಾಡಿದ್ದನ್ನು ರದ್ದು ಮಾಡುವ ಅನ್‌ಡೂ, ಒತ್ತುತ್ತಾ ಹಿಂದೆ ಹೋಗಿ ಓದಿದೆ. ಇಲ್ಲ, ಹೊಸದೇ ವಾಸಿ. ರದ್ದಾದದ್ದನ್ನು ಮತ್ತೆ ತರುವ ರೀಡೂ ಮಾಡೋಣ ಅಂತ ಕೈ ಎತ್ತುವಾಗ ಹೆಬ್ಬೆರಳು ಸ್ಪೇಸ್ ಬಾರ್‌ಗೆ ತಾಗಿತು. ಅಷ್ಟೇ. ರೀಡೂ ಬಟನ್ ಮಸುಕಾಯಿತು. ಒಂದು ಗಂಟೆಯ ಬರಹ ಗೋವಿಂದ!

ಎಡಿಟರ್, ಅಂದರೆ ನಾವು ಟೈಪ್ ಮಾಡುವ ತಂತ್ರಾಂಶ, ಕೆಟ್ಟಿರಲಿಲ್ಲ. ಅದನ್ನು ಕಟ್ಟಿದ್ದೇ ಹಾಗೆ.

[ಸ್ಕ್ರೀನ್: ‘ಒಂದು ಎರಡು ಮೂರು’]

ನೋಡಿ, ಮೂರು ಪದ ಬರೆದೆ. ಎರಡು ಸಲ ಅನ್‌ಡೂ. ಈಗ ‘ಒಂದು’ ಮಾತ್ರ ಉಳಿಯಿತು. ಒಳಗೆ ಎರಡು ಅಟ್ಟಿಗಳಿವೆ. ಮಾಡಿದ್ದು ಒಂದರಲ್ಲಿ, ವಾಪಸ್ ತೆಗೆದದ್ದು ಇನ್ನೊಂದರಲ್ಲಿ. ಎರಡನೇ ಅಟ್ಟಿಯೇ ರೀಡೂ. ಈಗ ‘ನಾಲ್ಕು’ ಅಂತ ಬರೆಯುತ್ತೇನೆ. ಆ ಕ್ಷಣವೇ ಎರಡನೇ ಅಟ್ಟಿ ಕಸದ ಬುಟ್ಟಿಗೆ. ‘ಎರಡು’, ‘ಮೂರು’ ಇನ್ನು ಸಿಗುವುದಿಲ್ಲ.

[ಸ್ಕ್ರೀನ್: ಸೆಂಟ್ರಲ್ ಲೈನ್ ನಕ್ಷೆ, ಕಲ್ಯಾಣ್ ಮೇಲೆ ಚುಕ್ಕಿ]

ಮುಂಬೈ ಲೋಕಲ್ ರೈಲು ಹತ್ತುವವರಿಗೆ ಇದು ಬೇಗ ಹೊಳೆಯುತ್ತದೆ. ಕಲ್ಯಾಣ್ ದಾಟಿದರೆ ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಅಂಬರನಾಥ, ಬದಲಾಪುರ ಕಡೆಯಿಂದ ಕರ್ಜತ್‌ಗೆ. ಇನ್ನೊಂದು ಟಿಟ್ವಾಲಾ ಮೇಲೆ ಕಸಾರಾಕ್ಕೆ. ನೀವು ಬದಲಾಪುರದವರೆಗೆ ಹೋಗಿ, ತಪ್ಪಾಯಿತು ಅಂತ ಕಲ್ಯಾಣ್‌ಗೆ ವಾಪಸ್ ಬಂದಿರಿ. ಅದು ಅನ್‌ಡೂ. ಆಮೇಲೆ ಟಿಟ್ವಾಲಾ ಗಾಡಿ ಹತ್ತಿದಿರಿ. ಮಾಮೂಲಿ ಎಡಿಟರ್ ಅಷ್ಟರಲ್ಲೇ ಬದಲಾಪುರದ ಹಳಿ ಕಿತ್ತು ಹಾಕುತ್ತದೆ!

ವಿಮ್ ಅನ್ನುವ ಎಡಿಟರ್ ಹಳಿ ಕೀಳುವುದಿಲ್ಲ. 2006ರಲ್ಲಿ ಬಂದ 7.0 ಆವೃತ್ತಿಯಿಂದ ಅದು ಎಲ್ಲ ಕವಲುಗಳನ್ನೂ ಮರದ ಹಾಗೆ ಇಟ್ಟುಕೊಳ್ಳುತ್ತದೆ. ಯು ಒತ್ತಿದರೆ ಈಗಿರುವ ಕವಲಿನಲ್ಲೇ ಹಿಂದಕ್ಕೆ. ಜಿ ಒತ್ತಿ ಮೈನಸ್ ಒತ್ತಿದರೆ, ಯಾವ ಕವಲೇ ಇರಲಿ, ಸಮಯದ ಲೆಕ್ಕದಲ್ಲಿ ಹಿಂದಕ್ಕೆ. ಕೋಲನ್ ಹಾಕಿ ‘ಅರ್ಲಿಯರ್ 10 ಎಂ’ ಅಂದರೆ 10 ನಿಮಿಷ ಹಿಂದೆ ಫೈಲ್ ಹೇಗಿತ್ತೋ ಹಾಗೆ ಬರುತ್ತದೆ. ಆ ರಾತ್ರಿ ನನಗೆ ಬೇಕಿದ್ದದ್ದು ಇದೇ.

ಈಮ್ಯಾಕ್ಸ್ ಅನ್ನುವ ಇನ್ನೊಂದು ಎಡಿಟರ್‌ನ ದಾರಿ ಇನ್ನೂ ವಿಚಿತ್ರ. ಅದು ಹಳಿಯ ಬದಲು ನಿಮ್ಮ ಪ್ರಯಾಣವನ್ನು ಬರೆದಿಡುತ್ತದೆ. ವಾಪಸ್ ಬಂದದ್ದೂ ಒಂದು ಪ್ರಯಾಣ ತಾನೆ? ಅದನ್ನೂ ಬರೆಯುತ್ತದೆ.

[ಸ್ಕ್ರೀನ್: ಈಮ್ಯಾಕ್ಸ್‌ನಲ್ಲಿ ‘ಒಂದು ನಾಲ್ಕು’]

ಅದೇ ಆಟ ಇಲ್ಲಿ. ಅನ್‌ಡೂ: ‘ನಾಲ್ಕು’ ಹೋಯಿತು. ಇನ್ನೊಂದು ಅನ್‌ಡೂ. ಅರೆ, ‘ಎರಡು’ ಬಂತು! ಮತ್ತೊಂದು: ‘ಮೂರು’ ಕೂಡ ಬಂತು. ಆಗ ಮಾಡಿದ ಅನ್‌ಡೂವನ್ನೇ ಈಗ ಅನ್‌ಡೂ ಮಾಡಿದೆವು. ಏನೂ ಕಳೆಯುವುದಿಲ್ಲ, ತಲೆ ಮಾತ್ರ ಸ್ವಲ್ಪ ತಿರುಗುತ್ತದೆ. ನೇರವಾದ ರೀಡೂ ಆಜ್ಞೆ ಅದರಲ್ಲೇ ಸಿಕ್ಕಿದ್ದು 2022ರಲ್ಲಿ, 28ನೇ ಆವೃತ್ತಿಯಲ್ಲಿ.

ವಿಂಡೋಸ್‌ನ ಹಳೇ ನೋಟ್‌ಪ್ಯಾಡ್ ನೆನಪಿದೆಯಾ? ಅದರಲ್ಲಿ ಒಂದೇ ಹೆಜ್ಜೆ. ಕಂಟ್ರೋಲ್ ಝಡ್ ಎರಡನೇ ಸಲ ಒತ್ತಿದರೆ ಅಳಿಸಿದ್ದೇ ವಾಪಸ್. ಲೈಟ್ ಸ್ವಿಚ್ ಥರ.

ಇನ್ನು, ಒಂದು ಹೆಜ್ಜೆ ಅಂದರೆ ಎಷ್ಟು? ಇದನ್ನು ಎಡಿಟರ್ ತಾನೇ ತೀರ್ಮಾನಿಸುತ್ತದೆ. ಈಮ್ಯಾಕ್ಸ್ ಒಂದೇ ಸಮ ಒತ್ತಿದ ಅಕ್ಷರಗಳನ್ನು 20ರವರೆಗೆ ಸೇರಿಸಿ ಕಟ್ಟುತ್ತದೆ. ವಿಮ್‌ನಲ್ಲಿ ಬರೆಯಲು ಶುರು ಮಾಡಿ ಎಸ್ಕೇಪ್ ಒತ್ತುವವರೆಗೆ ಎಲ್ಲವೂ ಒಂದೇ ಕಟ್ಟು. ಅರ್ಧ ಗಂಟೆ ಎಸ್ಕೇಪ್ ಮುಟ್ಟದೆ ಬರೆದು ಯು ಒತ್ತಿ ನೋಡಿ. ಬೇಡ ಬಿಡಿ, ಸುಮ್ನೆ ಎದೆ ಝಲ್ ಅನ್ನುತ್ತದೆ. ಕಂಟ್ರೋಲ್ ಹಿಡಿದು ಆರ್ ಒತ್ತಿದರೆ ವಾಪಸ್ ಬರುತ್ತದೆ, ಗಾಬರಿ ಬೇಡ.

ಕನ್ನಡದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಕಂಪ್ಯೂಟರ್‌ಗೆ ಆರು: ಸ, ಒತ್ತಿಗೆ ಹಲಂತ, ತ, ಮತ್ತೆ ಹಲಂತ, ರ, ದೀರ್ಘ ಈಕಾರ. ಬ್ಯಾಕ್‌ಸ್ಪೇಸ್ ಹೆಚ್ಚಿನ ಕಡೆ ಒಂದೊಂದಾಗಿ ಕಳಚುತ್ತದೆ. ಅನ್‌ಡೂ ಮಾತ್ರ ಪದವನ್ನೇ ಎತ್ತಿಕೊಂಡು ಹೋಗಬಹುದು. ಒಂದು ಈಕಾರ ತಪ್ಪಿದ್ದಕ್ಕೆ ಅನ್‌ಡೂ ಜಾಸ್ತಿಯಾಯಿತು, ಅಲ್ವಾ? ಬ್ಯಾಕ್‌ಸ್ಪೇಸ್ ಸಾಕು.

ಗೂಗಲ್ ಡಾಕ್ಸ್‌ನಲ್ಲಿ ನಾಲ್ಕು ಜನ ಸೇರಿ ಆಮಂತ್ರಣ ಪತ್ರಿಕೆ ಬರೆಯುವಾಗ ಅನ್‌ಡೂ ನಿಮ್ಮ ಬದಲಾವಣೆಯನ್ನಷ್ಟೇ ತೆಗೆಯುತ್ತದೆ. ಕಾರ್ಯದರ್ಶಿ ಸೇರಿಸಿದ ಮೂರು ‘ಸನ್ಮಾನ್ಯ’ ನಿಮ್ಮ ಕಂಟ್ರೋಲ್ ಝಡ್‌ಗೆ ಜಗ್ಗುವುದಿಲ್ಲ. ಅದಕ್ಕೆ ಫೋನೇ ಮಾಡಬೇಕು.

ಕೊನೆಗೊಂದು. ಫೈಲ್ ಮುಚ್ಚಿದರೆ ಸಾಮಾನ್ಯವಾಗಿ ಅನ್‌ಡೂ ಅಟ್ಟಿಯೂ ಹೋಗುತ್ತದೆ. ವಿಮ್‌ನಲ್ಲಿ 2010ರ 7.3 ಆವೃತ್ತಿಯಿಂದ ಅದನ್ನು ಡಿಸ್ಕ್‌ನಲ್ಲಿ ಉಳಿಸಬಹುದು. ತಾನಾಗಿ ಆಗುವುದಿಲ್ಲ, ಸೆಟ್ಟಿಂಗ್ ಫೈಲ್‌ನಲ್ಲಿ ‘ಸೆಟ್ ಅನ್‌ಡೂಫೈಲ್’ ಅಂತ ಒಂದು ಸಾಲು ಹಾಕಬೇಕು. ನಾನು ಹಾಕಿದ್ದೇನೆ.

[ಸ್ಕ್ರೀನ್: ಭಾಷಣದ ಹೊಸ ಫೈಲ್ ತೆರೆಯುತ್ತದೆ]

ನಿನ್ನೆ ರಾತ್ರಿ ಇದರಲ್ಲಿ ಒಂದು ಸಾಲು ಅಳಿಸಿ, ಫೈಲ್ ಮುಚ್ಚಿ ಮಲಗಿದ್ದೆ. ಈಗ ಯು.

[ಸ್ಕ್ರೀನ್: ಸಾಲು ವಾಪಸ್ ಬರುತ್ತದೆ]

ಬಂತು ನೋಡಿ.