‘ನೋಡೋಣ’ ಎಂಬುದು ಯಾವ ತಾರೀಖು?

ಕೇಳುಗರಿಗೆ ನಮಸ್ಕಾರ. ಊಟದ ಡಬ್ಬಿ ಕಟ್ಟಿಕೊಂಡು ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿದ್ದೀರಿ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಕೆಲಸ ಕೇಳಿಕೊಂಡು ಬಂದವರಿಗೆ ತಾರೀಖು ಹೇಳಿ. ‘ನೋಡೋಣ’ ಎನ್ನಬೇಡಿ.

ತಾಲ್ಲೂಕು ಕಚೇರಿಯೊಂದರಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿದ ಹೊಸತು. ವೃದ್ಧಾಪ್ಯ ವೇತನಕ್ಕಾಗಿ ಒಬ್ಬ ಅಜ್ಜಿ ಮೂರನೆಯ ಸಲ ಬಂದಿದ್ದರು. “ಗ್ರಾಮ ಲೆಕ್ಕಿಗರ ವರದಿ ಬಂದಿಲ್ಲ ಅಜ್ಜಿ, ಮುಂದೆ ನೋಡೋಣ” ಎಂದೆ. ಸುಳ್ಳೇನಲ್ಲ, ವರದಿ ಬಂದಿರಲಿಲ್ಲ. ನಮ್ಮ ಶಿರಸ್ತೇದಾರರು ಎದ್ದು ಬಂದು, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನನ್ನ ಮೇಜಿನ ಮೇಲೆ ಹಾಕಿದರು. “ಇದರಲ್ಲಿ ‘ನೋಡೋಣ’ ಎಲ್ಲಿದೆ, ತೋರಿಸಪ್ಪ.” ನಾನು ಬೆವರಿದೆ. “ವರದಿ ಕೇಳಿ ಪತ್ರ ಬರೆದಿದ್ದೀಯಾ?” ಬರೆದಿರಲಿಲ್ಲ! ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಕಾರ್ಬನ್ ಹಾಳೆ ಇಟ್ಟು ಅಲ್ಲೇ ಬರೆದೆ. “ಹದಿನೆಂಟನೇ ತಾರೀಖು, ಗುರುವಾರ ಬನ್ನಿ” ಎಂದೆ. ಅಜ್ಜಿ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡರು. ಆ ಗಂಟು ನನಗೆ ನಿದ್ದೆ ಮಾಡಗೊಡಲಿಲ್ಲ. ಹದಿನಾರಾದರೂ ವರದಿ ಇಲ್ಲ. ಹದಿನೇಳಕ್ಕೆ ಸೈಕಲ್ ತುಳಿದುಕೊಂಡು ಗ್ರಾಮ ಲೆಕ್ಕಿಗರ ಮನೆಗೇ ಹೋದೆ. ಅವರು ಊಟಕ್ಕೆ ಕೂತಿದ್ದರು. ಕೈ ತೊಳೆಯುವ ತನಕ ಜಗಲಿಯಲ್ಲಿ ಕಾದು, ವರದಿ ಬರೆಸಿಕೊಂಡು ಬಂದೆ. ಅಲ್ಲಿಯವರೆಗೆ ಇಲ್ಲದ ಹುರುಪು ಎಲ್ಲಿಂದ ಬಂತು? ಬಾಯಿಂದ ತಾರೀಖು ಹೊರಬಿದ್ದಿತ್ತು, ಅಷ್ಟೇ.

ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ಇಲ್ಲಿ ಎಲ್ಲರೂ ಎಳೆದು ತರುತ್ತಾರೆ. ನೆಲ ಎಷ್ಟೋ ಸಲ ನಿಜಕ್ಕೂ ಡೊಂಕಾಗಿರುತ್ತದೆ ಸ್ವಾಮಿ. ಸರ್ವರ್ ಕೈಕೊಡುತ್ತದೆ, ಸಾಹೇಬರು ಸಭೆಯಲ್ಲಿರುತ್ತಾರೆ. ಇರಲಿ, ಒಪ್ಪಿದೆ. ಆದರೂ ತಾರೀಖು ಹೇಳಿ.

2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ದ ತಿರುಳೂ ಇದೇ. ಅರ್ಜಿ ಕೊಟ್ಟವರ ಕೈಗೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ಪ್ರತಿ ಸೇವೆಗೂ ಇಷ್ಟೇ ದಿನ ಎಂಬ ಗಡುವು ಇದೆ. ತಪ್ಪಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ನಿಜ. ಆದರೆ ತಡ ಮಾಡಿದ ಅಧಿಕಾರಿಯೇ ಅದನ್ನು ತೆರಬೇಕು. ಅಜ್ಜಿಯ ಸೆರಗಿನ ಗಂಟನ್ನೇ ಸರ್ಕಾರ ಕಾಯ್ದೆ ಮಾಡಿತು ಎಂದುಕೊಳ್ಳಿ.

ಮೇಲಧಿಕಾರಿಗಳ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ, ಅಜ್ಜಿಯ ಕತೆ ಸಮಯವನ್ನೆಲ್ಲ ನುಂಗಿತು. ಇಷ್ಟು ಮಾತ್ರ ಹೇಳುತ್ತೇನೆ: “ಸಾರ್, ಗುರುವಾರಕ್ಕೆ ಆಗುವುದಿಲ್ಲ, ಶನಿವಾರ ಕೊಡುತ್ತೇನೆ” ಎಂದು ಮಂಗಳವಾರವೇ ಬಂದು ಹೇಳುವ ಹುಡುಗನನ್ನು ಬೈಯಬೇಡಿ. ಬೈದರೆ, ಮುಂದಿನ ಸಲ ಅವನೂ ‘ನೋಡೋಣ ಸಾರ್’ ಎನ್ನುತ್ತಾನೆ.

ನಮಸ್ಕಾರ.