ಬ್ಯಾಲೆಗೂ ಬಾಳೆಲೆಗೂ ನಂಟಿದೆ, ಸ್ವಾಮಿ

ನಮಸ್ಕಾರ. ಇವತ್ತು ಹಂಪಿಯ ಕಲ್ಲಿನ ರಥದ ಬಗ್ಗೆ ಮಾತನಾಡಬೇಕಿತ್ತು. ಎರಡು ವಾರ ಓದಿದ್ದೆ, ಟಿಪ್ಪಣಿ ಮಾಡಿಕೊಂಡಿದ್ದೆ, ಅಂಗಿಗೆ ಇಸ್ತ್ರಿಯನ್ನೂ ಹಾಕಿಸಿದ್ದೆ. ಅದನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಕಾರಣ ಒಂದು ಕಾಮೆಂಟು.

ಕಳೆದ ಸಂಚಿಕೆಯ ಕೊನೆಯಲ್ಲಿ ನನ್ನ ಅಕ್ಕನ ಮಗಳ ಮದುವೆಯ ಹತ್ತು ಸೆಕೆಂಡಿನ ತುಣುಕು ಹಾಕಿದ್ದೆ. ಆರತಕ್ಷತೆಯ ಸಂಜೆ. ಒಂದು ಬದಿಯಲ್ಲಿ ಊಟ ನಡೆಯುತ್ತಿದೆ, ಇನ್ನೊಂದು ಬದಿಯಲ್ಲಿ ಮದುಮಗಳ ಗೆಳತಿಯರು ಕುಣಿಯುತ್ತಿದ್ದಾರೆ, ನಡುವೆ ಯಾರೋ ಹೋಳಿಗೆಯ ತಟ್ಟೆ ಹಿಡಿದು ಹಾದುಹೋಗುತ್ತಾರೆ. ಅಷ್ಟಕ್ಕೆ ಒಬ್ಬ ಮಹನೀಯರು ಬರೆದಿದ್ದಾರೆ: “ಉಣ್ಣುವವರ ಮುಂದೆ ಕುಣಿಯುವುದು ಕಲೆಗೆ ಮಾಡುವ ಅವಮಾನ. ಯುರೋಪಿನವರ ಬ್ಯಾಲೆ ನೋಡಿ ಕಲಿಯಿರಿ. ಅದು ಶುದ್ಧ ಕಲೆ.” ಇನ್ನೂ ಒಂದು ಸಾಲಿದೆ, ಅದನ್ನು ಆಮೇಲೆ ಓದುತ್ತೇನೆ. ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ.

ಬ್ಯಾಲೆ ನೋಡಿ ಕಲಿಯಬೇಕಂತೆ. ಸರಿ ಸ್ವಾಮಿ, ಕಲಿಯೋಣ. ಬ್ಯಾಲೆ ಹುಟ್ಟಿದ್ದು ಎಲ್ಲಿ ಗೊತ್ತೇ? ಮದುವೆ ಊಟದಲ್ಲಿ.

1489ನೇ ಇಸವಿ, ಇಟಲಿಯ ತೊರ್ತೋನಾ ಎಂಬ ಊರು. ಮಿಲಾನಿನ ಡ್ಯೂಕ್ ಜಾನ್ ಗಲೆಯಾತ್ಸೊ ಸ್ಫೋರ್ಜಾನಿಗೂ ಅರಗಾನ್ ಮನೆತನದ ಇಸಬೆಲ್ಲಾಳಿಗೂ ಮದುವೆ. ಬೆರ್ಗೋಂತ್ಸಿಯೊ ಬೋತ್ತಾ ಎಂಬ ಶ್ರೀಮಂತ ಔತಣ ಇಟ್ಟುಕೊಂಡ. ಆ ಔತಣದಲ್ಲಿ ಬಡಿಸುವವರು ಸುಮ್ಮನೆ ಬಡಿಸಲಿಲ್ಲ. ಗ್ರೀಕ್ ಪುರಾಣದ ಜೇಸನ್ ತನ್ನ ಸಂಗಡಿಗರೊಂದಿಗೆ ಕುಣಿಯುತ್ತಾ ಬಂದು ಚಿನ್ನದ ಕುರಿಯ ತುಪ್ಪಳವನ್ನು ಮೇಜಿನ ಮೇಲೆ ಹಾಸಿದ. ಬೇಟೆಯ ದೇವತೆ ಡಯಾನಾ ಜಿಂಕೆಯ ಮಾಂಸವನ್ನು ತಂದಳು. ಅಟಲಾಂಟಾ ಕಾಡುಹಂದಿಯ ತಲೆಯನ್ನು ತಂದಳು. ಒಂದೊಂದು ಖಾದ್ಯಕ್ಕೆ ಒಂದೊಂದು ಕಥೆ, ಒಂದೊಂದು ಕುಣಿತ. ನಮ್ಮ ಕಡೆಯ ಮದುವೆಯಲ್ಲಿ ಭೀಮನ ವೇಷದವನೊಬ್ಬ ಬಕಾಸುರನ ಬಂಡಿಯನ್ನು ಎಳೆದುಕೊಂಡು ಬಂದು ಅನ್ನ ಬಡಿಸಿದರೆ, ಹಿಂದಿನಿಂದ ನಳ ಮಹಾರಾಜ ತಾಳಕ್ಕೆ ಹೆಜ್ಜೆ ಹಾಕುತ್ತಾ ಸಾರು ಹಾಕಿದರೆ ಹೇಗಿರುತ್ತದೆ? ಹಾಗೆ. ಬ್ಯಾಲೆಯ ಚರಿತ್ರೆ ಬರೆದವರು ಆರಂಭದ ಪುಟಗಳಲ್ಲಿ ಈ ಊಟವನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಇದನ್ನು ಹೇಳಿದ ಕೂಡಲೇ ಇನ್ನೊಂದು ಬಗೆಯ ಬುದ್ಧಿವಂತರು ಬರುತ್ತಾರೆ. “ಅದು ಬರಿಯ ಒಂದು ಊಟ, ನೃತ್ಯದ ಮೂಲ ದೇವರ ಪೂಜೆಯಲ್ಲಿದೆ” ಎನ್ನುತ್ತಾರೆ. ಇರಲಿ ಸ್ವಾಮಿ, ದೇವರಿಗೆ ನೈವೇದ್ಯ ಇಡುವುದಿಲ್ಲವೇ? ಮುಂದಕ್ಕೆ ಹೋಗೋಣ.

ಈಜಿಪ್ಟಿಗೆ ಬನ್ನಿ. ನೆಬಾಮುನ್ ಎಂಬವನ ಸಮಾಧಿಯ ಗೋಡೆಯ ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಸುಮಾರು ಕ್ರಿ.ಪೂ. 1350ರವು. ಈತ ರಾಜನಲ್ಲ, ಸೇನಾಪತಿಯಲ್ಲ. ಅಮುನ್ ದೇವಸ್ಥಾನದ ಧಾನ್ಯದ ಲೆಕ್ಕ ಬರೆಯುತ್ತಿದ್ದವನು, ನಮ್ಮ ಮಾತಿನಲ್ಲಿ ಶಾನುಭೋಗ. ಚಿತ್ರದಲ್ಲಿ ಅತಿಥಿಗಳು ಸಾಲಾಗಿ ಕುಳಿತಿದ್ದಾರೆ, ತಾವರೆ ಮೂಸುತ್ತಿದ್ದಾರೆ. ಕೆಳಗಿನ ಸಾಲಿನಲ್ಲಿ ಒಬ್ಬಳು ಜೋಡಿ ಕೊಳಲು ಊದುತ್ತಿದ್ದಾಳೆ, ಪಕ್ಕದವರು ಕೈತಟ್ಟುತ್ತಿದ್ದಾರೆ, ಇಬ್ಬರು ಹುಡುಗಿಯರು ಕುಣಿಯುತ್ತಿದ್ದಾರೆ. ಅವರ ಪಕ್ಕದಲ್ಲೇ ಏನಿದೆ ಹೇಳಿ? ಮದ್ಯದ ಗಡಿಗೆಗಳು, ಒಪ್ಪವಾಗಿ ಜೋಡಿಸಿಟ್ಟಿವೆ. ಶಾನುಭೋಗನಿಗೆ ಸತ್ತ ಮೇಲೂ ತನ್ನ ಜೊತೆ ಇರಲಿ ಎನ್ನಿಸಿದ ದೃಶ್ಯಗಳಲ್ಲಿ ಅದೂ ಒಂದು. ಉಣ್ಣುವವರ ಮುಂದೆ ಕುಣಿತ.

ಗ್ರೀಸಿನ ಕಥೆ ಕೇಳಿ. ಇದನ್ನು ಹೇಳುವಾಗ ನನಗೆ ನಗು ತಡೆಯುವುದಿಲ್ಲ, ಕ್ಷಮಿಸಿ. ಹೆರೊಡೊಟಸ್ ಬರೆದಿದ್ದಾನೆ. ಸಿಕ್ಯೋನಿನ ಒಡೆಯ ಕ್ಲೈಸ್ತನೀಸ್ ತನ್ನ ಮಗಳು ಅಗರಿಸ್ತೆಗೆ ವರ ಹುಡುಕಲು ಗ್ರೀಸಿನ ಹುಡುಗರನ್ನೆಲ್ಲ ಕರೆಸಿ ಒಂದು ವರ್ಷ ಮನೆಯಲ್ಲಿಟ್ಟುಕೊಂಡು ಪರೀಕ್ಷಿಸಿದ. ಅಥೆನ್ಸಿನ ಹಿಪ್ಪೊಕ್ಲೈಡೀಸ್ ಅವನ ಮನಸ್ಸಿಗೆ ಬಂದಿದ್ದ. ಕೊನೆಯ ದಿನ ನೂರು ಎತ್ತು ಬಲಿ ಕೊಟ್ಟು ಔತಣ. ಕುಡಿತ ಏರಿದಂತೆ ಹಿಪ್ಪೊಕ್ಲೈಡೀಸ್ ಕೊಳಲು ಊದಿಸಿದ, ಕುಣಿದ. ಸಾಲದೆಂದು ಮೇಜು ತರಿಸಿದ. ಅದರ ಮೇಲೆ ಹತ್ತಿ ಸ್ಪಾರ್ಟಾದ ಹೆಜ್ಜೆ, ಅಥೆನ್ಸಿನ ಹೆಜ್ಜೆ. ಕಡೆಗೆ ತಲೆ ಕೆಳಗೆ ಮಾಡಿ ಕಾಲುಗಳಲ್ಲೇ ಅಭಿನಯ! ಮಾವನಾಗಬೇಕಿದ್ದವನು ಎದ್ದು, ನೀನು ಕುಣಿದು ಮದುವೆಯನ್ನೇ ಕಳೆದುಕೊಂಡೆ ಎಂದ. ಹುಡುಗ ತಲೆಕೆಡಿಸಿಕೊಳ್ಳಲಿಲ್ಲ, ಹಿಪ್ಪೊಕ್ಲೈಡೀಸನಿಗೆ ಅದರ ಚಿಂತೆಯಿಲ್ಲ ಎಂದುಬಿಟ್ಟ. ಹುಡುಗಿಯನ್ನು ಮೆಗಕ್ಲೀಸ್ ಎಂಬವನಿಗೆ ಕೊಟ್ಟರು. ಅವರ ಮಗನೇ ಮುಂದೆ ಅಥೆನ್ಸಿನ ಪ್ರಜಾಪ್ರಭುತ್ವಕ್ಕೆ ಅಡಿಪಾಯ ಹಾಕಿದ ಇನ್ನೊಬ್ಬ ಕ್ಲೈಸ್ತನೀಸ್. ಊಟದ ಮೇಜಿನ ಮೇಲಿನ ಒಂದು ಕುಣಿತ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಇಂಥದೇ ಕಥೆ ನಮ್ಮ ಬೌದ್ಧರ ಜಾತಕ ಕಥೆಗಳಲ್ಲೂ ಇದೆ. ಹಂಸರಾಜನ ಮಗಳು ನವಿಲನ್ನು ಮೆಚ್ಚುತ್ತಾಳೆ. ನವಿಲು ಹಿಗ್ಗಿ, ನಾಚಿಕೆ ಬಿಟ್ಟು, ಗರಿ ಎತ್ತಿ ಕುಣಿದು ಮೈಯೆಲ್ಲ ತೋರಿಸಿಬಿಡುತ್ತದೆ. ಮದುವೆ ಮುರಿಯುತ್ತದೆ. ಅಲ್ಲಿಂದ ಇಲ್ಲಿಗೆ ಬಂತೋ ಇಲ್ಲಿಂದ ಅಲ್ಲಿಗೆ ಹೋಯಿತೋ ಎಂದು ವಿದ್ವಾಂಸರು ಜಗಳವಾಡಿಕೊಳ್ಳಲಿ. ನನಗೆ ಬೇಕಾದದ್ದು ಇಷ್ಟೇ: ಎರಡೂ ಕಡೆ ಮದುವೆ, ಎರಡೂ ಕಡೆ ಕುಣಿತ.

ಸಾಕ್ರಟೀಸನನ್ನೂ ಬಿಡುವುದಿಲ್ಲ. ಕ್ಸೆನೊಫೋನ್ ಬರೆದ ಔತಣದ ಪ್ರಸಂಗದಲ್ಲಿ ಸಿರಾಕ್ಯೂಸಿನವನೊಬ್ಬ ಹುಡುಗ ಹುಡುಗಿಯರನ್ನು ಕರೆತಂದು ಅತಿಥಿಗಳ ಮುಂದೆ ಕುಣಿಸುತ್ತಾನೆ. ಸಾಕ್ರಟೀಸ್ ನನಗೂ ಆ ಹೆಜ್ಜೆ ಕಲಿಸು ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಯಾಕೆ ನಗುತ್ತೀರಿ, ನನ್ನ ಹೊಟ್ಟೆ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ, ಅದನ್ನು ಇಳಿಸಬಾರದೇ ಎಂದು ಕೇಳುತ್ತಾನೆ. ಈ ಹೊಟ್ಟೆಯ ಮಾತು ನೆನಪಿರಲಿ.

ಅಂದ ಹಾಗೆ, ಆರ್ಕೆಸ್ಟ್ರಾ ಎಂದರೆ ನಮಗೆ ಗಣೇಶನ ಪೆಂಡಾಲು, ರಾತ್ರಿ ಹನ್ನೊಂದರವರೆಗೆ ಚಿತ್ರಗೀತೆ, ಆಮೇಲೆ ಪೊಲೀಸರು. ಗ್ರೀಕರಿಗೆ ಅದು ನಾಟಕದಲ್ಲಿ ಮೇಳದವರು ಕುಣಿಯುತ್ತಿದ್ದ ಜಾಗ. ಕುಣಿಯುವುದು ಎಂಬ ಅರ್ಥದ ಕ್ರಿಯಾಪದದಿಂದಲೇ ಆ ಹೆಸರು ಬಂದಿದೆ. ಇದಕ್ಕೂ ಊಟಕ್ಕೂ ಸಂಬಂಧವಿಲ್ಲ, ಗೊತ್ತು. ತಿಳಿದದ್ದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಇಂಥವು ಇಷ್ಟವಾದರೆ ಕೆಳಗಿನ ಗಂಟೆ ಒತ್ತಿ, ಚಂದಾದಾರರಾಗಿ. ಒತ್ತದವರು ಎಷ್ಟು ಜನ ಎಂದು ನನಗೆ ಕಾಣುತ್ತದೆ.

ರೋಮಿನ ಸಿಸೆರೊ ಕ್ರಿ.ಪೂ. 63ರಲ್ಲಿ ನ್ಯಾಯಾಲಯದಲ್ಲಿ ನಿಂತು, ತಲೆ ಕೆಟ್ಟವನ ಹೊರತು ಕುಡಿಯದೆ ಯಾರೂ ಕುಣಿಯುವುದಿಲ್ಲ ಎಂದು ವಾದಿಸಿದ. ತನ್ನ ಕಕ್ಷಿದಾರ ಕುಣಿಯುವವನು ಎಂಬ ಆಪಾದನೆಗೆ ಅದು ಉತ್ತರ. ಔತಣವೇ ಇಲ್ಲ ಎಂದಮೇಲೆ ಕುಣಿತ ಎಲ್ಲಿಂದ ಬರಬೇಕು ಎಂಬುದು ಅವನ ತರ್ಕ. ವಕೀಲರೇ ಒಪ್ಪಿಕೊಂಡಿದ್ದಾರೆ, ಸ್ವಾಮಿ.

ಇನ್ನು 1393, ಪ್ಯಾರಿಸ್. ರಾಣಿಯ ಸಖಿಯೊಬ್ಬಳ ಮದುವೆ. ಮತ್ತೆ ಮದುವೆ! ರಾಜ ಆರನೆಯ ಚಾರ್ಲ್ಸ್ ಮತ್ತು ಐವರು ಗೆಳೆಯರು ಕಾಡುಮನುಷ್ಯರ ವೇಷ ಹಾಕಿದರು. ಬಟ್ಟೆಗೆ ರಾಳ ಮೆತ್ತಿ, ಅದರ ಮೇಲೆ ನಾರು ಅಂಟಿಸಿ, ಮೈತುಂಬ ಕೂದಲಿದ್ದಂತೆ ಮಾಡಿಕೊಂಡು ಕುಣಿಯುತ್ತಾ ಬಂದರು. ರಾಜನ ತಮ್ಮ ಯಾರು ಇವರು ಎಂದು ನೋಡಲು ಪಂಜು ಹತ್ತಿರ ತಂದ. ಅಷ್ಟೇ, ಹೊತ್ತಿಕೊಂಡಿತು. ನಾಲ್ವರು ಸತ್ತರು. ಬೆರ್ರಿಯ ಡಚೆಸ್ ತನ್ನ ಲಂಗವನ್ನು ರಾಜನ ಮೇಲೆ ಹೊದಿಸಿ ಉಳಿಸಿಕೊಂಡಳು. ಇನ್ನೊಬ್ಬ ಹೇಗೆ ಉಳಿದ ಗೊತ್ತೇ? ಬಟ್ಟಲು ತೊಳೆಯಲು ಇಟ್ಟಿದ್ದ ನೀರಿನ ತೊಟ್ಟಿಗೆ ಹಾರಿದ. ಊಟದ ಏರ್ಪಾಡು ಪಕ್ಕದಲ್ಲೇ ಇಲ್ಲದಿದ್ದರೆ ಐದನೆಯ ಹೆಣವೂ ಬೀಳುತ್ತಿತ್ತು. ಇನ್ನೂ ಹೇಳಿ, ಉಣ್ಣುವ ಜಾಗದಲ್ಲಿ ಕುಣಿಯಬಾರದು ಎಂದು!

ಆಮೇಲೆ ಇಟಲಿಯಲ್ಲಿ ಡೊಮೆನಿಕೊ ದ ಪಿಯಾಚೆಂತ್ಸಾ, ಗುಲ್ಯೆಲ್ಮೊ ಎಬ್ರೆಯೊ ಮುಂತಾದ ನೃತ್ಯಗುರುಗಳು ಗ್ರಂಥ ಬರೆದರು, ಗುಲ್ಯೆಲ್ಮೊನದು 1463ರದು. ಬಲ್ಲಾರೆ ಎಂದರೆ ಅವರಲ್ಲಿ ಕುಣಿಯುವುದು, ಅದರಿಂದ ಬಲ್ಲೊ, ಅದರಿಂದ ಬಲ್ಲೆತ್ತೊ, ಫ್ರೆಂಚರ ಬಾಯಲ್ಲಿ ಬ್ಯಾಲೆ. ಬಲ್ಲೆ ಎನ್ನುವವರೆಲ್ಲ ಬ್ಯಾಲೆ ಬಲ್ಲವರಲ್ಲ. ಇದನ್ನು ಬರೆದಾಗ ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ.

ಫ್ಲಾರೆನ್ಸಿನ ಕ್ಯಾಥರೀನ್ ದ ಮೆಡಿಚಿ 1533ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಫ್ರಾನ್ಸಿಗೆ ಸೊಸೆಯಾಗಿ ಬಂದಳು. ತವರಿನ ಅಭಿರುಚಿ ಬಿಡಲಿಲ್ಲ. 1573ರಲ್ಲಿ ಪೋಲೆಂಡಿನ ರಾಯಭಾರಿಗಳು ಅವಳ ಮಗನಿಗೆ ತಮ್ಮ ದೇಶದ ಕಿರೀಟ ಕೊಡಲು ಬಂದಾಗ ಹದಿನಾರು ಹೆಂಗಸರನ್ನು ಒಬ್ಬೊಬ್ಬರು ಒಂದೊಂದು ಪ್ರಾಂತ್ಯವೆಂದು ಕುಣಿಸಿದಳು. ಕೊನೆಯಲ್ಲಿ ಅವರು ಚಿನ್ನದ ಬಿಲ್ಲೆಗಳನ್ನು ಅರ್ಪಿಸಿದರು. ಬಿಲ್ಲೆಗಳ ಮೇಲೆ ಪ್ರೊವೆನ್ಸಿನ ನಿಂಬೆ ಕಿತ್ತಳೆ, ಶಾಂಪೇನ್ ಸೀಮೆಯ ಗೋಧಿ. ಅಂದರೆ ತಿನ್ನುವ ಪದಾರ್ಥ! “ಅದು ಮದುವೆಯಲ್ಲ” ಎನ್ನುವಿರಾ? ಮಗನಿಗೆ ಸಿಂಹಾಸನದ ಸಂಬಂಧ ಹಿಡಿದುಕೊಂಡು ಬಂದವರು ಬೀಗರಲ್ಲದೆ ಇನ್ನೇನು?

ಈಗ ದೊಡ್ಡದಕ್ಕೆ ಬರುತ್ತೇನೆ. 1581ರ ಅಕ್ಟೋಬರ್ 15. ಬ್ಯಾಲೆ ಎಂಬ ಹೆಸರು ಹೊತ್ತು, ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ ಹಿಡಿದು ನಡೆದ ಮೊದಲ ದೊಡ್ಡ ಪ್ರದರ್ಶನ ಎಂದು ಎಲ್ಲರೂ ಒಪ್ಪುವ ‘ಬ್ಯಾಲೆ ಕೊಮಿಕ್ ದ ಲಾ ರೆನ್’. ಸಂದರ್ಭ? ಜ್ವಾಯೋಸ್ ಡ್ಯೂಕನಿಗೂ ಕ್ಯಾಥರೀನಳ ಸೊಸೆಯಾದ ರಾಣಿಯ ತಂಗಿಗೂ ಮದುವೆ. ಮ-ದು-ವೆ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮೂರೂವರೆಯವರೆಗೆ ನಡೆಯಿತು, ನಮ್ಮ ಯಕ್ಷಗಾನದ ಹಾಗೆ. ಸರ್ಸಿ ಎಂಬ ಮಾಯಾವಿನಿಯ ಕಥೆ. ಹೊಂದಿಸಿದವನು ಬೋಜ್ವಾಯೋ, ಇಟಲಿಯಿಂದ ಬಂದ ಪಿಟೀಲುವಾದಕ. ಜನ ಉಪ್ಪರಿಗೆಗಳಲ್ಲಿ ಕುಳಿತು ಮೇಲಿನಿಂದ ನೋಡಿದರು. ಅದಕ್ಕೇ ಅವನು ವೃತ್ತ, ಚೌಕ, ತ್ರಿಕೋನಗಳೆಂದು ಕುಣಿಯುವವರನ್ನು ನಿಲ್ಲಿಸಿದ್ದು. ಕೊನೆಯ ನೃತ್ಯದಲ್ಲಿ ಅಂಥ ನಲವತ್ತು ವಿನ್ಯಾಸಗಳು. ಸರಿಯಾಗಿ ಹಾಕಿದ ರಂಗೋಲಿಯೊಂದು ಎದ್ದು ನಡೆದಾಡಿದಂತೆ.

ಕುಣಿದವರು ಯಾರು? ಸ್ವತಃ ರಾಣಿ ಮತ್ತು ಅವಳ ಸಖಿಯರು, ಸಂಬಳದ ಕಲಾವಿದರಲ್ಲ. ಅಕ್ಕನ ಮಗಳ ಗೆಳತಿಯರು ಕುಣಿದದ್ದೂ ಹಾಗೆಯೇ. ಕುಣಿದು ಮುಗಿದ ಮೇಲೆ ರಾಣಿ ರಾಜನಿಗೆ ಡಾಲ್ಫಿನ್ ಚಿತ್ರದ ಚಿನ್ನದ ಪದಕ ಕೊಟ್ಟಳು. ಫ್ರೆಂಚಿನಲ್ಲಿ ಡಾಲ್ಫಿನ್ನಿಗೂ ಯುವರಾಜನಿಗೂ ಒಂದೇ ಹೆಸರು, ದೋಫ್ಯಾಂ. ಆ ದಂಪತಿಗೆ ಮಕ್ಕಳಿರಲಿಲ್ಲ. ಬಂದವರಿಗೆಲ್ಲ ತಾಂಬೂಲದ ಚೀಲ, ರಾಜನಿಗೆ ಸಂತಾನದ ಹಾರೈಕೆ. ಇದಕ್ಕಿಂತ ಮದುವೆಮನೆ ಬೇಕೇ?

ತುದಿಗಾಲಲ್ಲಿ ನಿಂತ ಬಿಳಿ ಲಂಗದ ಹುಡುಗಿಯನ್ನು ತಾನೇ ನಮ್ಮ ಮಹನೀಯರು ನೆನೆಸಿಕೊಂಡದ್ದು? ಆ ರೂಪಕ್ಕೆ ಹೆಸರು ತಂದ ಮರೀ ತಾಲ್ಯೋನಿ ಕುಣಿದದ್ದು 1832ರಲ್ಲಿ. ತೊರ್ತೋನಾದ ಊಟ ಜೀರ್ಣವಾಗಿ ಮುನ್ನೂರ ನಲವತ್ತು ವರ್ಷ ಕಳೆದಿತ್ತು.

“ಆದರೆ ಅವರಲ್ಲಿ ಶಿಸ್ತಿದೆ, ಕಂಬಿ ಹಿಡಿದು ಅಭ್ಯಾಸ ಮಾಡುತ್ತಾರೆ” ಎಂದು ಇನ್ನೊಬ್ಬರ ಕಾಮೆಂಟು. ಪೋರ್ಚುಗೀಸ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರ ನೋಡಿ ಬರೆದದ್ದನ್ನು ಓದಿ. ಅರಮನೆಯಲ್ಲಿ ನೃತ್ಯ ಕಲಿಸುವ ಒಂದು ಮನೆ. ಅಲ್ಲಿನ ಕೆತ್ತನೆಯ ಫಲಕಗಳಲ್ಲಿ ಒಂದೊಂದು ಕುಣಿತ ಯಾವ ಭಂಗಿಯಲ್ಲಿ ಮುಗಿಯಬೇಕು ಎಂಬುದು, ಮರೆತವರು ನೋಡಿಕೊಳ್ಳಲಿ ಎಂದು. ಒಂದು ತುದಿಯಲ್ಲಿ ಹೆಂಗಸರು ಕೈಯಿಂದ ಹಿಡಿದುಕೊಂಡು ಮೈಕಾಲು ಸಡಿಲಿಸಿ ಚಾಚುವುದಕ್ಕೆಂದೇ ಒಂದು ಜಾಗ. ಅದೂ ಹಂಪಿಯಲ್ಲಿ, ಬೋಜ್ವಾಯೋಗಿಂತ ಅರವತ್ತು ವರ್ಷ ಮೊದಲು. ಶಿಸ್ತಂತೆ. ರಥದ ಸಂಚಿಕೆಯಲ್ಲಿ ಇದನ್ನೂ ಹೇಳುತ್ತೇನೆ, ಬರುವ ವಾರ, ತಪ್ಪಿಸಬೇಡಿ.

ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿಯನ್ನು ಎತ್ತಿಕೊಂಡು ಬರುತ್ತೀರಿ ಎಂದು ಗೊತ್ತು. 1653ರಲ್ಲಿ ಹದಿನಾಲ್ಕು ವರ್ಷದ ಹುಡುಗ ಉದಯಿಸುವ ಸೂರ್ಯನ ವೇಷದಲ್ಲಿ ಕುಣಿದ, ತನ್ನ ವಿರುದ್ಧ ದಂಗೆ ಎದ್ದಿದ್ದ ಶ್ರೀಮಂತರಿಗೆ ಯಜಮಾನ ಯಾರೆಂದು ತೋರಿಸಿದ. 1661ರಲ್ಲಿ ಹದಿಮೂರು ಗುರುಗಳ ನೃತ್ಯ ಅಕಾಡೆಮಿ ಮಾಡಿದ. ಅಲ್ಲಿ ಮದುವೆ ಎಲ್ಲಿದೆ ಎನ್ನುವಿರಿ. ಅವನ ಮದುವೆಗೆಂದು ಬ್ಯಾಲೆಗಳ ಸಮೇತ ಒಂದು ಇಟಾಲಿಯನ್ ಒಪೆರಾ ಮಾಡಿಸಿದ್ದರು. ಮದುವೆ 1660ರಲ್ಲಿ ಆಯಿತು, ರಂಗಮಂದಿರ ಕಟ್ಟಿ ಮುಗಿಯಲಿಲ್ಲ, ಪ್ರದರ್ಶನ 1662ರಲ್ಲಿ. ಗುತ್ತಿಗೆದಾರರು ಎಲ್ಲ ದೇಶಗಳಲ್ಲೂ ಒಂದೇ. ಎರಡು ವರ್ಷ ಹಳೆಯ ಮದುಮಗ ತಾನೇ ವೇಷ ಕಟ್ಟಿ ಕುಣಿದ. ಆಯಿತೇ? ಮದುವೆ!

ಇನ್ನು ವಾದವೇನೂ ಉಳಿದಿಲ್ಲ. ಕಾಗದದಲ್ಲಿ ಬರೆದುಕೊಂಡದ್ದೂ ಮುಗಿಯಿತು. ಕೊನೆಯಲ್ಲಿ ‘ಮತ್ತೆ ಮದುವೆ ಎಂದು ಹೇಳು’ ಎಂದು ಗೀಚಿಕೊಂಡಿದ್ದೇನೆ, ಹೇಳಿದ್ದಾಯಿತು. ಉಳಿದದ್ದು ಆ ಕಾಮೆಂಟಿನ ಕೊನೆಯ ಸಾಲು. ಓದುತ್ತೇನೆ ಎಂದಿದ್ದೆನಲ್ಲ. “ತಟ್ಟೆ ಹಿಡಿದು ಅಡ್ಡ ಬಂದ ಆ ದಪ್ಪ ಮನುಷ್ಯನನ್ನು ಯಾರಾದರೂ ಪಕ್ಕಕ್ಕೆ ಎಳೆಯಬಾರದಿತ್ತೇ?”

ಅದು ನಾನು. ಸೋದರಮಾವ. ಬಡಿಸುವವರು ಸಾಲದೆ ಅಕ್ಕ ಕೈಗೆ ತಟ್ಟೆ ಕೊಟ್ಟಿದ್ದಳು. ಸರಿಯಾಗಿ ನೋಡಿದರೆ ಆರನೆಯ ಸೆಕೆಂಡಿನಲ್ಲಿ ಹಾಡಿಗೆ ಸರಿಯಾಗಿ ಒಂದು ಹೆಜ್ಜೆಯನ್ನೂ ಹಾಕಿದ್ದೇನೆ.