ಬನಶಂಕರಿ ಜಾತ್ರೆ, ಜಾಲಿ ಮುಳ್ಳು, ಪಟ್ಟದಕಲ್ಲು

ಸೈಕಲ್ ಸವಾರಿಯ ಈ ವಿಡಿಯೊ ಶುರುವಾಗುವುದು ಇಲ್ಲಿಂದ. ಇದು ಬಾದಾಮಿಯ ಅಗಸ್ತ್ಯ ತೀರ್ಥ ಎಂಬ ಕೆರೆ. ನೀರಿನಾಚೆ ಭೂತನಾಥ ಗುಡಿ, ಬಲಕ್ಕೆ ಗುಹೆಗಳಿರುವ ಗುಡ್ಡ. ಇವತ್ತು ಗುಹೆಗಳಿಗೆ ಹತ್ತುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೂರನೆಯ ಗುಹೆಯಲ್ಲಿ ಬಾದಾಮಿ ಚಾಲುಕ್ಯರ ಮಂಗಲೇಶ ಕ್ರಿ.ಶ. 578ರಲ್ಲಿ ಹಾಕಿಸಿದ ಶಾಸನವಿದೆ, ಅದಕ್ಕೆ ಹೊಂದಿಕೊಂಡು ವಿಷ್ಣುವಿನ ದೊಡ್ಡ ದೊಡ್ಡ ಮೂರ್ತಿಗಳಿವೆ. ಅರ್ಧ ಗಂಟೆಯಲ್ಲಿ ನೋಡಿ ಓಡುವ ಜಾಗ ಅದಲ್ಲ. ಈಗ ಹ್ಯಾಂಡಲ್ ಚೀಲಕ್ಕೆ ಕೈ ಹಾಕುತ್ತಿರುವವರು ನಮ್ಮ ತಂಡದವರಲ್ಲ, ಬಾದಾಮಿಯ ಮಂಗಗಳು. ಬಾಳೆಹಣ್ಣು ಹೋಯಿತು. ಹೋಗಲಿ ಬಿಡಿ, ನಡೆಯೋಣ.

ಬನಶಂಕರಿ ಇಲ್ಲಿಂದ ಐದು ಕಿಲೋಮೀಟರ್. ತೇರು ಎಳೆದು ಮುಗಿದಿದ್ದರೂ ಜಾತ್ರೆ ಮುಗಿದಿಲ್ಲ. ಬನದ ಹುಣ್ಣಿಮೆಗೆ ಶುರುವಾದದ್ದು ಹೆಚ್ಚು ಕಡಿಮೆ ತಿಂಗಳಿಡೀ ನಡೆಯುತ್ತದೆ. ರಸ್ತೆಯ ಎರಡೂ ಬದಿ ನಾಟಕ ಕಂಪನಿಗಳ ಡೇರೆಗಳು, ಮೈಕಿನಲ್ಲಿ ಒಬ್ಬರಿಗಿಂತ ಒಬ್ಬರು ಜೋರು. ಇಂಥ ಗದ್ದಲದಲ್ಲಿ ಸೈಕಲ್ ಹತ್ತುವ ಮಾತೇ ಇಲ್ಲ, ತಳ್ಳಿಕೊಂಡು ಹೋಗಬೇಕು. ನನಗೆ ಜಾತ್ರೆಯೆಂದರೆ ಆಗುವುದಿಲ್ಲ ಎಂದು ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಇವು ಕಂಡವು. ಬಾಗಿಲುಗಳು. ಮನೆಯಿಲ್ಲ, ಗೋಡೆಯಿಲ್ಲ, ಚೌಕಟ್ಟಿನ ಸಮೇತ ಕಟ್ಟಿಗೆಯ ಬಾಗಿಲುಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಮನೆ ಕಟ್ಟಿಸುವವರು ಬಾಗಿಲಿಗಾಗಿಯೇ ಈ ಜಾತ್ರೆಗೆ ಬರುತ್ತಾರೆ. ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ ಕೆತ್ತಿದ್ದ ಒಂದನ್ನು ತೋರಿಸಿ ಎಷ್ಟು ಎಂದು ಕೇಳಿದೆ. ಮಾರುವವರು ನನ್ನನ್ನು ನೋಡಿದರು, ಸೈಕಲ್ ನೋಡಿದರು. “ಇದರ ಮೇಲೆ ಒಯ್ಯುತ್ತೀರೇನ್ರಿ?” ಬೆಲೆ ಕೊನೆಗೂ ಹೇಳಲಿಲ್ಲ.

ತಟ್ಟೆಯಲ್ಲಿ ಇರುವುದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಪಕ್ಕದ ಸಣ್ಣ ಗಡಿಗೆಯಲ್ಲಿ ಮೊಸರು, ಕೆನೆ ಮುರಿಯದಂತೆ ಚಮಚ ಇಳಿಸಿದೆ ನೋಡಿ. ಬುಟ್ಟಿ ಹೊತ್ತು ತಂದ ಅಜ್ಜಿ ನಾನು ತಿನ್ನುವುದನ್ನು ಕಾಯುತ್ತ ಕುಳಿತಿದ್ದಾರೆ, ಗಡಿಗೆ ವಾಪಸ್ ಬೇಕಂತೆ.

ಇದು ಮಹಾಕೂಟ, ಹಳೆಯ ಗುಡಿಗಳ ಗುಂಪು. ಸುತ್ತಲಿನ ಬಿಸಿಲಿಗೆ ಇಲ್ಲಿನ ಮರಗಳನ್ನು ನಂಬುವುದೇ ಕಷ್ಟ. ನಡುವೆ ವಿಷ್ಣು ಪುಷ್ಕರಿಣಿ, ಊಟೆಯ ನೀರು. ಕೊಳದೊಳಗಿನ ಆ ಪುಟ್ಟ ಮಂಟಪದಲ್ಲಿ ಮುಖಗಳನ್ನು ಕೆತ್ತಿದ ಲಿಂಗವಿದೆ. ಹುಡುಗರು ದಂಡೆಯಿಂದ ಹಾರುವುದು, ಕಿರುಚುವುದು, ಮತ್ತೆ ಹಾರುವುದು. ಗುಡಿಯ ಅಂಗಳದಲ್ಲಿ ಇದೆಂಥ ಗಲಾಟೆ ಎನಿಸಿತು. ಕಾಲು ಇಳಿಬಿಟ್ಟು ಎರಡು ನಿಮಿಷ ಕುಳಿತ ಮೇಲೆ ಹಾಗೆ ಎನಿಸಲಿಲ್ಲ. ನನಗೆ ಸಿಟ್ಟು ಇರುವುದು ಬೇರೆಯದಕ್ಕೆ: ಇಲ್ಲಿದ್ದ ಮಂಗಲೇಶನ ಶಾಸನಗಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಸುರಕ್ಷಿತವಾಗಿದೆ, ಒಪ್ಪುತ್ತೇನೆ. ಆದರೂ ಆ ಕಂಬ ನೋಡಬೇಕಾದರೆ ಇನ್ನೊಂದು ಜಿಲ್ಲೆಗೆ ಹೋಗಬೇಕು.

ಈ ತುಣುಕಿನಲ್ಲಿ ಕ್ಯಾಮೆರಾ ಅಲುಗಾಡುತ್ತಿದೆ ಎಂದು ಬರೆಯಬೇಡಿ. ಹಿಂದಿನ ಚಕ್ರ ಕೂತಿದೆ. ಹೊಲಕ್ಕೆ ಬೇಲಿ ಹಾಕಲು ಬಳ್ಳಾರಿ ಜಾಲಿಯ ಕೊಂಬೆಗಳನ್ನು ಎಳೆದುಕೊಂಡು ಹೋಗುತ್ತಾರೆ, ಉದುರಿದ ಮುಳ್ಳು ಡಾಂಬರಿನ ಮೇಲೆ ಬಿದ್ದಿರುತ್ತದೆ. ಅಮೆರಿಕ ಖಂಡದಿಂದ ಬಂದ ಈ ಗಿಡ ಇಡೀ ಬಯಲುಸೀಮೆಯನ್ನು ಹಿಡಿದುಬಿಟ್ಟಿದೆ. ಕಡಿದಷ್ಟೂ ಚಿಗುರುತ್ತದೆ, ಒಲೆಗಾಗುತ್ತದೆ, ಇದ್ದಿಲಾಗುತ್ತದೆ, ಸೈಕಲ್ಲಿನವರಿಗೆ ಮಾತ್ರ ಶನಿ.

ತಳ್ಳಿಕೊಂಡು ಒಂದು ಪಂಕ್ಚರ್ ಅಂಗಡಿ ಮುಟ್ಟಿದೆ. ಟ್ಯೂಬನ್ನು ಬೋಗುಣಿಯ ನೀರಿಗೆ ಅದ್ದಿದರು, ಗುಳ್ಳೆ ಎದ್ದ ಕಡೆ ಗುರುತು ಹಾಕಿದರು, ಉಜ್ಜಿದರು, ಸೊಲ್ಯೂಷನ್ ಸವರಿ ಊದಿ ತೇಪೆ ಅಂಟಿಸಿದರು. ಮುಗಿಯಿತೆಂದು ನಾನು ಎದ್ದರೆ, “ಕೂಡ್ರಿರಿ” ಎಂದರು. ಹಳೆಯ ಬನಿಯನ್ನಿನ ತುಂಡು ತೆಗೆದುಕೊಂಡು ಟೈರಿನ ಒಳಮೈಯಲ್ಲಿ ನಿಧಾನವಾಗಿ ಒಂದು ಸುತ್ತು ಆಡಿಸಿದರು. ಬಟ್ಟೆ ಒಂದು ಕಡೆ ತಡೆಯಿತು. ಇಕ್ಕಳದಲ್ಲಿ ಎಳೆದು ನನ್ನ ಅಂಗೈ ಮೇಲೆ ಇಟ್ಟರು: ಅಕ್ಕಿಕಾಳಿಗಿಂತ ಸಣ್ಣ ಮುಳ್ಳಿನ ತುದಿ. ಅದನ್ನು ಬಿಟ್ಟಿದ್ದರೆ ಅರ್ಧ ಮೈಲಿಗೆ ಮತ್ತೆ ಇದೇ ಕಥೆ.

ಆಮೇಲೆ ಶುರುವಾಯಿತು ನಿಜವಾದ ಫಜೀತಿ. ನನ್ನ ಟ್ಯೂಬಿನ ಮೂತಿ ತೆಳು, ಅವರ ಯಂತ್ರದ ಕೊಳವೆ ಮೋಟಾರ್‌ಸೈಕಲ್ಲಿನ ದಪ್ಪ ಮೂತಿಗೆ. ಇಷ್ಟು ದುಬಾರಿ ಸೈಕಲ್ ಮಾಡುವವರಿಗೆ ದೇಶದ ಯಾವ ಅಂಗಡಿಯಲ್ಲಾದರೂ ಗಾಳಿ ಸಿಗುವಂಥ ಮೂತಿ ಇಡಬೇಕೆಂದು ಹೊಳೆಯುವುದಿಲ್ಲವೇ? ಚೀಲದಲ್ಲಿದ್ದ ಗೇಣುದ್ದದ ಪಂಪಿನಲ್ಲೇ ನಾನು ಗಾಳಿ ಹೊಡೆದೆ. ಕಟ್ಟೆಯ ಮೇಲೆ ಕುಳಿತಿದ್ದ ಮೂವರು ಹಿರಿಯರು ಸಲಹೆ ಕೊಡುತ್ತಿದ್ದರು. ಒಬ್ಬರಿಗೆ ಸಾಕು ಅನ್ನಿಸಿತು, ಇನ್ನೊಬ್ಬರಿಗೆ ಸಾಲದು, ಮೂರನೆಯವರು ಕಾರಿನಲ್ಲಿ ಬರಬಾರದಿತ್ತೇ ಎಂದರು. ಆ ಹೊತ್ತಿಗೆ ಅವರ ಮಾತೇ ಸರಿ ಎನಿಸಿತು. ಕೊಡಬೇಕಾದದ್ದು ಎಷ್ಟೆಂದು ಕೇಳಿದರೆ, “ಪಂಕ್ಚರಿಗೆ ಐವತ್ತು ಕೊಡಿರಿ. ಗಾಳಿ ನಿಮ್ಮದೇ.”

ಬಂತು ಪಟ್ಟದಕಲ್ಲು. 1987ರಿಂದ ವಿಶ್ವ ಪರಂಪರೆಯ ತಾಣ. ಅನುಮತಿಯಿಲ್ಲದೆ ಟ್ರೈಪಾಡ್ ಒಳಗೆ ಬಿಡುವುದಿಲ್ಲ, ಚಿತ್ರ ಅಲುಗಿದರೆ ಸಹಿಸಿಕೊಳ್ಳಿ. ಈ ಹಸಿರು ಹಾಸು ನೋಡಿದರೆ ಹೋಟೆಲಿನ ಅಂಗಳದ ನೆನಪಾಗುತ್ತದೆ, ನನಗೆ ಸೇರುವುದಿಲ್ಲ. ಇದು ವಿರೂಪಾಕ್ಷ ಗುಡಿ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು. ಆ ರಾಜ ಕಂಚಿಯ ಗುಡಿಯ ಸಂಪತ್ತನ್ನು ದೋಚದೆ ಗುಡಿಗೇ ಬಿಟ್ಟು, ಅಲ್ಲಿಯೇ ಕನ್ನಡದಲ್ಲಿ ಶಾಸನ ಕೆತ್ತಿಸಿ ಬಂದ. ಇಲ್ಲಿನ ಕೆಲಸಕ್ಕೆ ಮುಖ್ಯಸ್ಥನಾಗಿದ್ದ ಶಿಲ್ಪಿ ಗುಂಡನ ಹೆಸರೂ ಗುಡಿಯ ಶಾಸನದಲ್ಲಿದೆ. ಹಿಂದೆ ಇರುವುದು ಮಲ್ಲಿಕಾರ್ಜುನ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಬಹಳ ಜನ ಇಲ್ಲಿಗೇ ಮುಗಿಸಿ ಕಾರು ಹತ್ತುತ್ತಾರೆ. ತುಸು ದಕ್ಷಿಣಕ್ಕೆ ನಡೆದರೆ ಪಾಪನಾಥ ಸಿಗುತ್ತದೆ, ಹೊರಗೋಡೆಯ ತುಂಬ ರಾಮಾಯಣ. ದಯವಿಟ್ಟು ಆ ನಾಲ್ಕು ಹೆಜ್ಜೆ ಹಾಕಿ.

ಹೌದು, ಹುಲ್ಲಿನ ಮೇಲೆ ಮಲಗಿರುವುದು ನಾನೇ. ಹಾಸು ಅಷ್ಟೇನೂ ಕೆಟ್ಟದ್ದಲ್ಲ.

ಇದು ಮಲಪ್ರಭೆ, ಇಲ್ಲಿ ಉತ್ತರಕ್ಕೆ ಹರಿಯುತ್ತದೆ. ಐಹೊಳೆಗೆ ಏಕೆ ಹೋಗಲಿಲ್ಲ ಎಂದು ಕೇಳುವವರಿಗೆ: ಇನ್ನೂ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ಗಾಳಿ ಎದುರು, ತೋಳಲ್ಲಿ ಪಂಪಿನ ನೋವು. ಅಲ್ಲಿನ ಮೇಗುಟಿ ಗುಡಿಯಲ್ಲಿ ಕವಿ ರವಿಕೀರ್ತಿಯ ಶಾಸನ 634ರಿಂದ ಕಾದಿದೆ, ಇನ್ನೊಂದು ಚಳಿಗಾಲ ಕಾಯಲಿ. ಬಾದಾಮಿಗೆ 22 ಕಿಲೋಮೀಟರ್ ಉಳಿದಿದೆ, ಬ್ಯಾಟರಿ ಕೆಂಪಾಗಿದೆ. ಈ ದಾರಿಗೆ ಬರುವವರು ದಪ್ಪ ಮೂತಿಯ ಟ್ಯೂಬ್ ಹಾಕಿಸಿಕೊಂಡು ಬನ್ನಿ. ಅಥವಾ ಮೂತಿಗೆ ಸಿಕ್ಕಿಸುವ ಹಿತ್ತಾಳೆಯ ಬಿಲ್ಲೆಯೊಂದು ಸಿಗುತ್ತದೆ, ಅದನ್ನು